ನಿಮ್ಮ ಕಂಪ್ಯೂಟರಿನಲ್ಲೇ ರ್ಯಾಕೆಟ್: ಫಂಕ್ಷನಲ್ ಪ್ರೋಗ್ರಾಮಿಂಗ್ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇಂಜಿನಿಯರಿಂಗ್, ಡಿಪ್ಲೊಮಾ, ಬಿಸಿಎ ಓದುವವರಿಗೆ ಸಿ, ಜಾವಾ, ಪೈಥಾನ್ ಗೊತ್ತಿರುತ್ತದೆ. ಫಂಕ್ಷನಲ್ ಭಾಷೆಗಳ ಹೆಸರನ್ನು ಮಾತ್ರ ಕೇಳಿರುತ್ತಾರೆ. ಅದು ಬೆಂಗಳೂರಿನ ದೊಡ್ಡ ಕಂಪನಿಗಳ ವಿಷಯ, ದೊಡ್ಡ ಯಂತ್ರ ಬೇಕು, ಗಣಿತದಲ್ಲಿ ಪದವಿ ಬೇಕು ಎಂದು ಅಂದುಕೊಂಡವರೂ ಇದ್ದಾರೆ. ಅದ್ಯಾವುದೂ ಬೇಡ. ರ್ಯಾಕೆಟ್ ಎಂಬ ಫಂಕ್ಷನಲ್ ಭಾಷೆ ಕಲಿಯಲು 4 ಜಿಬಿ ರ್ಯಾಮ್ ಇರುವ ಹಳೆ ಲ್ಯಾಪ್‌ಟಾಪ್ ಸಾಕು. ಒಂದು ಸಂಜೆ ಬಿಡುವು ಮಾಡಿಕೊಂಡರೆ ಆಯಿತು.

ಫಂಕ್ಷನಲ್ ರೀತಿ ಅಂದರೆ ಏನು ಎಂದು ಮೊದಲು ಸ್ವಲ್ಪ ನೋಡೋಣ. ಪೈಥಾನ್‌ನಲ್ಲಿ ನಾವು ಒಂದು ಹೆಸರಿಗೆ ಬೆಲೆ ಕೊಡುತ್ತೇವೆ. ಆಮೇಲೆ ಅದನ್ನು ಬದಲಾಯಿಸುತ್ತೇವೆ, ಮತ್ತೆ ಬದಲಾಯಿಸುತ್ತೇವೆ. ಪ್ರೋಗ್ರಾಮ್ ದೊಡ್ಡದಾದಂತೆ ಯಾವ ಸಾಲಿನಲ್ಲಿ ಯಾವ ಬೆಲೆ ಇತ್ತು ಎಂದು ಹುಡುಕುವುದೇ ಕೆಲಸವಾಗುತ್ತದೆ. ಫಂಕ್ಷನಲ್ ರೀತಿಯಲ್ಲಿ ಒಮ್ಮೆ ಕೊಟ್ಟ ಬೆಲೆಯನ್ನು ಆದಷ್ಟೂ ಬದಲಾಯಿಸುವುದಿಲ್ಲ. ಎಲ್ಲವನ್ನೂ ಸೂತ್ರಗಳಾಗಿ, ಅಂದರೆ ಫಂಕ್ಷನ್‌ಗಳಾಗಿ ಬರೆಯುತ್ತೇವೆ. ಒಂದು ಸೂತ್ರಕ್ಕೆ ಅದೇ ಅಂಕಿ ಕೊಟ್ಟರೆ ಯಾವಾಗಲೂ ಅದೇ ಉತ್ತರ ಬರಬೇಕು. ಇನ್ನೊಂದು ವಿಷಯ: ಸೂತ್ರವನ್ನೇ ಒಂದು ವಸ್ತುವಿನ ಹಾಗೆ ಇನ್ನೊಂದು ಸೂತ್ರಕ್ಕೆ ಕೊಡಬಹುದು, ಅದರಿಂದ ಹೊಸ ಸೂತ್ರ ಪಡೆಯಬಹುದು. ಇದರ ಬಲ ಕೆಳಗೆ ಕಬ್ಬಿನ ಲೆಕ್ಕ ಮಾಡುವಾಗ ಗೊತ್ತಾಗುತ್ತದೆ.

## ಯಾಕೆ ರ್ಯಾಕೆಟ್

ಹ್ಯಾಸ್ಕೆಲ್, ಓಕ್ಯಾಮಲ್, ಎಲಿಕ್ಸಿರ್ ಎಲ್ಲವೂ ಒಳ್ಳೆಯ ಭಾಷೆಗಳೇ. ಆದರೂ ಮೊದಲ ಭಾಷೆಯಾಗಿ ನಾನು ರ್ಯಾಕೆಟ್ ಹಿಡಿಯಿರಿ ಎನ್ನುತ್ತೇನೆ. ಕಾರಣಗಳು ತೀರಾ ವ್ಯಾವಹಾರಿಕ.

ಒಂದೇ ಫೈಲ್ ಇಳಿಸಿಕೊಂಡರೆ ಭಾಷೆ, ಬರೆಯುವ ಎಡಿಟರ್, ಸಹಾಯದ ಪುಟಗಳು ಎಲ್ಲ ಒಟ್ಟಿಗೆ ಬರುತ್ತವೆ. ಆಮೇಲೆ ನೆಟ್ ಇಲ್ಲದಿದ್ದರೂ ಕಲಿಯಬಹುದು. ಹಳ್ಳಿಯಲ್ಲಿ ಮನೆ ಇದ್ದು, ಮೊಬೈಲ್ ಡೇಟಾದ ಮೇಲೆ ದಿನ ದೂಡುವವರಿಗೆ ಇದು ಸಣ್ಣ ಮಾತಲ್ಲ. ಕಾಲೇಜಿನಲ್ಲಿ ಒಬ್ಬರು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಹತ್ತು ಜನಕ್ಕೆ ಕೊಡಬಹುದು. ರ್ಯಾಕೆಟ್ ಉಚಿತ ಮತ್ತು ಮುಕ್ತ ತಂತ್ರಾಂಶ, ಹಾಗಾಗಿ ಹಂಚುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು. ರ್ಯಾಕೆಟ್‌ನಲ್ಲಿ ಸೂತ್ರಗಳಿಗೆ, ಅಂಕಿಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ತೂಕವನ್ನು ತೂಕ ಅಂತಲೇ, ದರವನ್ನು ದರ ಅಂತಲೇ ಬರೆಯಬಹುದು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಹೊಸ ವಿಷಯದ ಜೊತೆಗೆ ಹೊಸ ಶಬ್ದಗಳ ಭಾರವನ್ನೂ ಹೊರುವುದು ತಪ್ಪುತ್ತದೆ.

ಇದರ ಹಿನ್ನೆಲೆ ಎರಡು ಸಾಲಿನಲ್ಲಿ: ಜಾನ್ ಮೆಕಾರ್ಥಿ 1958ರಲ್ಲಿ ಲಿಸ್ಪ್ ಭಾಷೆಯನ್ನು ರೂಪಿಸಲು ತೊಡಗಿದರು. ಗೈ ಸ್ಟೀಲ್ ಮತ್ತು ಜೆರಾಲ್ಡ್ ಸಸ್‌ಮನ್ ಅದರಿಂದ 1975ರಲ್ಲಿ ಸ್ಕೀಮ್ ಮಾಡಿದರು. ಮಥಾಯಸ್ ಫೆಲೈಸನ್ 1990ರ ದಶಕದ ಮಧ್ಯದಲ್ಲಿ ಕಟ್ಟಿದ ಗುಂಪಿನ ಪಿಎಲ್‌ಟಿ ಸ್ಕೀಮ್‌ಗೆ 2010ರಲ್ಲಿ ರ್ಯಾಕೆಟ್ ಎಂಬ ಹೆಸರು ಬಂತು. ಆ ಗುಂಪು ಶುರುವಾಗಿದ್ದೇ ಹೊಸಬರಿಗೆ ಪ್ರೋಗ್ರಾಮಿಂಗ್ ಕಲಿಸುವ ಉದ್ದೇಶದಿಂದ. ಎಡಿಟರ್ ಬಳಸುವಾಗ ಅದು ಎದ್ದು ಕಾಣುತ್ತದೆ.

## ಇಳಿಸಿಕೊಳ್ಳುವುದು

ಬ್ರೌಸರ್‌ನಲ್ಲಿ ರ್ಯಾಕೆಟ್‌ನ ಅಧಿಕೃತ ತಾಣಕ್ಕೆ ಹೋಗಿ. ವಿಳಾಸ: ರ್ಯಾಕೆಟ್-ಲ್ಯಾಂಗ್ ಡಾಟ್ ಆರ್ಗ್. ಕಾಗುಣಿತ ಆರ್-ಎ-ಸಿ-ಕೆ-ಇ-ಟಿ, ಅಡ್ಡಗೆರೆ, ಎಲ್-ಎ-ಎನ್-ಜಿ. ಬೇರೆ ತಾಣಗಳಲ್ಲಿ ಸಿಕ್ಕ ಫೈಲ್ ಬೇಡ.

ಡೌನ್‌ಲೋಡ್ ಪುಟದಲ್ಲಿ ಎರಡು ಆಯ್ಕೆ ಇರುತ್ತವೆ: ರ್ಯಾಕೆಟ್ ಮತ್ತು ಮಿನಿಮಲ್ ರ್ಯಾಕೆಟ್. ಮಿನಿಮಲ್ ಫೈಲ್ ಸಣ್ಣದು ಎಂದು ಆಸೆಪಡಬೇಡಿ. ಅದರಲ್ಲಿ ಎಡಿಟರೂ ಇಲ್ಲ, ಸಹಾಯದ ಪುಟಗಳೂ ಇಲ್ಲ. ಪೂರ್ತಿ ರ್ಯಾಕೆಟ್ ಆರಿಸಿ. ಇಳಿಸಲು ನೂರೈವತ್ತು ಎಂಬಿ ಆಸುಪಾಸು ಡೇಟಾ ಹೋಗುತ್ತದೆ. ಡಿಸ್ಕ್‌ನಲ್ಲಿ ಒಂದು ಜಿಬಿ ಜಾಗ ಖಾಲಿ ಇರಲಿ.

ನಿಮ್ಮ ವಿಂಡೋಸ್ 64 ಬಿಟ್‌ನದೋ 32 ಬಿಟ್‌ನದೋ ಎಂದು ಮೊದಲೇ ನೋಡಿಕೊಳ್ಳಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋದರೆ ಅಲ್ಲಿ ಬರೆದಿರುತ್ತದೆ. ಈಗಿನ ಯಂತ್ರಗಳೆಲ್ಲ ಬಹುತೇಕ 64 ಬಿಟ್. ಮ್ಯಾಕ್ ಇದ್ದವರು ಇಂಟೆಲ್ ಚಿಪ್ಪೋ ಆ್ಯಪಲ್ ಚಿಪ್ಪೋ ನೋಡಿ ಅದಕ್ಕೆ ತಕ್ಕ ಫೈಲ್ ಆರಿಸಬೇಕು.

## ಸ್ಥಾಪಿಸುವುದು

ವಿಂಡೋಸ್‌ನಲ್ಲಿ ಇಳಿದ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಕೆಲವೊಮ್ಮೆ ನೀಲಿ ಎಚ್ಚರಿಕೆ ಪರದೆ ಬರುತ್ತದೆ. ಫೈಲ್ ಅಧಿಕೃತ ತಾಣದ್ದೇ ಆಗಿದ್ದರೆ 'ಮೋರ್ ಇನ್ಫೋ' ಒತ್ತಿ, ಆಮೇಲೆ 'ರನ್ ಎನಿವೇ' ಒತ್ತಿ. ನಂತರ ಕೇಳಿದ್ದಕ್ಕೆಲ್ಲ ಮುಂದೆ, ಮುಂದೆ ಎಂದು ಹೋದರೆ ಸಾಕು. ಸ್ಟಾರ್ಟ್ ಮೆನುವಿನಲ್ಲಿ ಡಾಕ್ಟರ್ ರ್ಯಾಕೆಟ್ ಬಂದಿರುತ್ತದೆ. ಅದನ್ನು ಡಿ-ಆರ್ ಸೇರಿಸಿ ಒಂದೇ ಪದವಾಗಿ ಬರೆದಿರುತ್ತಾರೆ. ಅದೇ ನಮ್ಮ ಎಡಿಟರ್.

ಉಬುಂಟು ಬಳಸುವವರಿಗೆ ಎರಡು ದಾರಿ. 'ಸುಡೊ ಆಪ್ಟ್ ಇನ್‌ಸ್ಟಾಲ್ ರ್ಯಾಕೆಟ್' ಎಂಬ ಆಜ್ಞೆಯಿಂದ ಸುಲಭವಾಗಿ ಬರುತ್ತದೆ, ಆದರೆ ಸಿಗುವುದು ಹಳೆಯ ಆವೃತ್ತಿ. ನನ್ನ ಸಲಹೆ, ಅಧಿಕೃತ ತಾಣದಿಂದಲೇ ಲಿನಕ್ಸ್ ಫೈಲ್ ಇಳಿಸಿಕೊಳ್ಳಿ. ಅದರ ಹೆಸರು ಎಸ್-ಎಚ್ ಎಂದು ಮುಗಿಯುತ್ತದೆ. ಟರ್ಮಿನಲ್ ತೆರೆದು, ಡೌನ್‌ಲೋಡ್ಸ್ ಫೋಲ್ಡರ್‌ಗೆ ಹೋಗಿ, ಎಸ್-ಎಚ್ ಎಂದು ಹೊಡೆದು, ಜಾಗ ಬಿಟ್ಟು, ಫೈಲ್ ಹೆಸರು ಕೊಡಿ. ಯುನಿಕ್ಸ್ ಮಾದರಿಯಲ್ಲಿ ಹರಡಿ ಸ್ಥಾಪಿಸಬೇಕೇ ಎಂದು ಕೇಳುತ್ತದೆ. ಬೇಡ ಎನ್ನಿ. ಎಲ್ಲಿ ಇಡಬೇಕು ಎಂದು ಕೇಳಿದಾಗ ನಿಮ್ಮ ಹೋಮ್ ಫೋಲ್ಡರ್ ಆರಿಸಿ. ಹೀಗೆ ಮಾಡಿದರೆ ಅಡ್ಮಿನ್ ಪಾಸ್‌ವರ್ಡ್ ಬೇಕಾಗಿಲ್ಲ, ತೆಗೆಯಬೇಕೆಂದರೆ ಆ ಒಂದು ಫೋಲ್ಡರ್ ಅಳಿಸಿದರೆ ಮುಗಿಯಿತು. ಕಾಲೇಜ್ ಲ್ಯಾಬ್‌ನ ಲಿನಕ್ಸ್ ಯಂತ್ರಗಳಲ್ಲಿ ಪಾಸ್‌ವರ್ಡ್ ಇಲ್ಲದ ವಿದ್ಯಾರ್ಥಿಗಳಿಗೂ ಇದೇ ದಾರಿ.

ಮ್ಯಾಕ್‌ನಲ್ಲಿ ಇಳಿದ ಫೈಲ್ ತೆರೆದು, ರ್ಯಾಕೆಟ್ ಫೋಲ್ಡರನ್ನು ಪೂರ್ತಿಯಾಗಿ ಅಪ್ಲಿಕೇಷನ್ಸ್ ಫೋಲ್ಡರ್‌ಗೆ ಎಳೆದು ಬಿಡಿ. ಅಷ್ಟೇ.

## ಕನ್ನಡ ಟೈಪಿಂಗ್: ಇಲ್ಲಿ ಸ್ವಲ್ಪ ನಿಧಾನ ಮಾಡಿ

ನಮ್ಮ ಕಡೆ ಜಾಸ್ತಿ ಜನ ಕನ್ನಡ ಟೈಪಿಂಗ್ ಕಲಿತದ್ದು ನುಡಿ ಅಥವಾ ಬರಹದಲ್ಲಿ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಹಳೆಯ ನುಡಿ ಫಾಂಟ್‌ಗಳೇ ನಡೆಯುತ್ತವೆ. ಆ ಹಳೆಯ ರೀತಿಯಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ಫಾಂಟ್ ಮಾತ್ರ ಅವಕ್ಕೆ ಕನ್ನಡದ ರೂಪ ಕೊಡುತ್ತದೆ. ಅದನ್ನು ರ್ಯಾಕೆಟ್‌ಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬೀಳುತ್ತದೆ. ಅದರಿಂದ ಪ್ರೋಗ್ರಾಮೇ ಕೆಟ್ಟುಹೋಗಬಹುದು.

ಹಾಗಾಗಿ ಒಳಗೂ ಕನ್ನಡ ಅಕ್ಷರಗಳನ್ನೇ ಇಡುವ ಯುನಿಕೋಡ್ ಬೇಕು. ನುಡಿಯಲ್ಲೇ ಯುನಿಕೋಡ್ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಇಲ್ಲದಿದ್ದರೆ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡ ಸೇರಿಸಿ. ಆಮೇಲೆ ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷ್ ಕನ್ನಡ ಅದಲು ಬದಲಾಗುತ್ತದೆ. ಈ ಕೀಲಿ ಜೋಡಿ ಬೆರಳಿಗೆ ಚೆನ್ನಾಗಿ ರೂಢಿಯಾಗಬೇಕು. ಯಾಕೆಂದರೆ ಕಂಸಗಳು, ಭಾಷೆಯ ಸ್ವಂತ ಪದಗಳು ಇಂಗ್ಲಿಷ್ ಕೀಲಿಯಲ್ಲಿ, ನಮ್ಮ ಹೆಸರುಗಳು ಕನ್ನಡ ಕೀಲಿಯಲ್ಲಿ.

ವಿಂಡೋಸ್‌ನಲ್ಲಿ ನಿರ್ಮಲಾ ಫಾಂಟ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. ಲಿನಕ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಹಾಕಿಕೊಳ್ಳಿ. ಒತ್ತಕ್ಷರ ಒಡೆದು ಕಂಡರೆ ಎಡಿಟರ್‌ನ ಪ್ರಿಫರೆನ್ಸಸ್‌ನಲ್ಲಿ ಫಾಂಟ್ ಬದಲಿಸಿ ನೋಡಿ. ಕಾಣುವುದು ಸ್ವಲ್ಪ ಹದಗೆಟ್ಟರೂ ಪ್ರೋಗ್ರಾಮ್ ಓಡುವುದಕ್ಕೆ ತೊಂದರೆ ಇಲ್ಲ.

ಇನ್ನೊಂದು ಸೂಕ್ಷ್ಮ. 'ಲೋಡ್‌ಗಳು' ಎಂದು ಬರೆಯುವಾಗ ಡ ಮತ್ತು ಗ ಕೂಡಿಕೊಳ್ಳಬಾರದೆಂದು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ. ಹೆಸರಿನಲ್ಲಿ ಒಂದು ಕಡೆ ಆ ಗುರುತು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ರ್ಯಾಕೆಟ್‌ಗೆ ಅವು ಎರಡು ಬೇರೆ ಹೆಸರುಗಳು. ಇಂಥ ಪದಗಳನ್ನು ಹೆಸರಾಗಿ ಬಳಸಲೇಬೇಡಿ. ತೂಕ, ದರ, ಖರ್ಚು, ಬಾಕಿ, ಅಸಲು ಥರದ ಸರಳ ಪದಗಳೇ ಸಾಕು.

## ಮೊದಲ ಓಟ

ಡಾಕ್ಟರ್ ರ್ಯಾಕೆಟ್ ತೆರೆಯಿರಿ. ಪರದೆ ಎರಡು ಭಾಗವಾಗಿರುತ್ತದೆ. ಮೇಲಿನದರಲ್ಲಿ ಪ್ರೋಗ್ರಾಮ್ ಬರೆದು ಉಳಿಸುತ್ತೇವೆ. ಕೆಳಗಿನದರಲ್ಲಿ ಒಂದೊಂದೇ ಲೆಕ್ಕ ಕೊಟ್ಟು ತಕ್ಷಣ ಉತ್ತರ ನೋಡುತ್ತೇವೆ.

ಈ ಲೇಖನದಲ್ಲಿ ಭಾಷೆಯ ಸ್ವಂತ ಪದಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಲ್ಯಾಂಗ್, ರ್ಯಾಕೆಟ್, ಡಿಫೈನ್, ಇಫ್, ಲಿಸ್ಟ್, ಮ್ಯಾಪ್, ಫಿಲ್ಟರ್, ಫೋಲ್ಡ್ಎಲ್, ಲ್ಯಾಂಬ್ಡಾ, ರಿಕ್ವೈರ್, ಇವನ್ನು ನೀವು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೊಡೆಯಬೇಕು. ಡಿಫೈನ್ ಎಂದರೆ ಡಿ-ಇ-ಎಫ್-ಐ-ಎನ್-ಇ. ಫೋಲ್ಡ್ಎಲ್ ಎಂದರೆ ಎಫ್-ಒ-ಎಲ್-ಡಿ-ಎಲ್, ನಡುವೆ ಜಾಗ ಇಲ್ಲ. ಲ್ಯಾಂಬ್ಡಾ ಎಂದರೆ ಎಲ್-ಎ-ಎಂ-ಬಿ-ಡಿ-ಎ. ದರ, ತೂಕ, ರಿಕವರಿ ಥರದ ಹೆಸರುಗಳನ್ನು ಕನ್ನಡದಲ್ಲೇ ಹೊಡೆಯಿರಿ.

ಮೇಲಿನ ಭಾಗದ ಮೊದಲ ಸಾಲು ಯಾವಾಗಲೂ ಇದು:

```
#ಲ್ಯಾಂಗ್ ರ್ಯಾಕೆಟ್
```

ಈ ಸಾಲು ಮೊದಲೇ ಇರಬಹುದು. ಇಲ್ಲದಿದ್ದರೆ ನೀವೇ ಬರೆಯಿರಿ. ಹ್ಯಾಶ್ ಚಿಹ್ನೆಗೂ ಲ್ಯಾಂಗ್‌ಗೂ ನಡುವೆ ಜಾಗ ಬೇಡ. ಲ್ಯಾಂಗ್ವೇಜ್ ಮೆನುವಿನ 'ಚೂಸ್ ಲ್ಯಾಂಗ್ವೇಜ್' ಒತ್ತಿ, ಮೂಲ ಫೈಲಿನಿಂದಲೇ ಭಾಷೆ ತಿಳಿದುಕೊಳ್ಳುವ ಮೊದಲ ಆಯ್ಕೆ ಗುರುತಾಗಿದೆಯೇ ನೋಡಿ. ಈಗ ಕಂಟ್ರೋಲ್ ಮತ್ತು ಆರ್ ಒತ್ತಿ. ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಆರ್. ಕೆಳಭಾಗದಲ್ಲಿ ಬಾಣದ ಗುರುತು ಕಾದು ನಿಂತಿದ್ದರೆ ಸ್ಥಾಪನೆ ಸರಿಯಾಗಿದೆ.

ಕೆಳಗೆ ಒಂದೊಂದಾಗಿ ಇವನ್ನು ಹೊಡೆದು ಎಂಟರ್ ಒತ್ತಿ:

```
(+ 2 3)
(* 12 (+ 4 6))
(+ 0.1 0.2)
(+ 1/10 2/10)
```

ಮೊದಲನೆಯದಕ್ಕೆ 5, ಎರಡನೆಯದಕ್ಕೆ 120. ಕೂಡಿಸುವ ಚಿಹ್ನೆ ಅಂಕಿಗಳ ನಡುವೆ ಬರುವುದಿಲ್ಲ, ಕಂಸದ ಒಳಗೆ ಎಲ್ಲಕ್ಕಿಂತ ಮೊದಲು ಬರುತ್ತದೆ. ಕಂಸ ತೆರೆದು, ಏನು ಮಾಡಬೇಕು ಎಂದು ಹೇಳಿ, ಆಮೇಲೆ ಯಾವುದರ ಮೇಲೆ ಎಂದು ಹೇಳಬೇಕು. ಇಡೀ ಭಾಷೆಯ ವ್ಯಾಕರಣ ಹೆಚ್ಚುಕಡಿಮೆ ಇಷ್ಟೇ.

ಮೂರನೆಯದರ ಉತ್ತರ 0.30000000000000004 ಎಂದು ಬರುತ್ತದೆ. ದಶಾಂಶಗಳನ್ನು ಕಂಪ್ಯೂಟರ್ ಎರಡರ ಘಾತಗಳಲ್ಲಿ ಹತ್ತಿರದ ಬೆಲೆಯಾಗಿ ಇಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ಸಿ, ಪೈಥಾನ್‌ಗಳಲ್ಲೂ ಇದೇ ಕಥೆ. ನಾಲ್ಕನೆಯದಕ್ಕೆ ಮಾತ್ರ ಕರಾರುವಾಕ್ಕಾಗಿ ಹತ್ತರಲ್ಲಿ ಮೂರು ಎಂಬ ಭಿನ್ನರಾಶಿ ಬರುತ್ತದೆ. ರ್ಯಾಕೆಟ್ ಭಿನ್ನರಾಶಿಗಳನ್ನು ಶಾಲೆಯಲ್ಲಿ ಮಾಡಿದ ಹಾಗೆ ಪೂರ್ತಿ ನಿಖರವಾಗಿ ಲೆಕ್ಕ ಹಾಕುತ್ತದೆ. ಹಣದ ಲೆಕ್ಕಕ್ಕೆ ಇದು ದೊಡ್ಡ ಅನುಕೂಲ.

## ಕಬ್ಬಿನ ದರದ ಲೆಕ್ಕ

ಅಥಣಿ, ರಾಯಬಾಗ, ಮುಧೋಳ, ಜಮಖಂಡಿಯಲ್ಲಿ ಬೆಳೆದ ಹುಡುಗರಿಗೆ ಎಫ್‌ಆರ್‌ಪಿ ಎಂದರೆ ವಿವರಿಸಬೇಕಾಗಿಲ್ಲ. ಸಕ್ಕರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ದರ ಅದು. ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. 2025-26ರ ಹಂಗಾಮಿಗೆ 10.25% ರಿಕವರಿ (ಅರೆದ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) ಇದ್ದರೆ ಕ್ವಿಂಟಲ್‌ಗೆ 355 ರೂಪಾಯಿ. ರಿಕವರಿ 0.1% ಏರಿದರೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. 9.5%ಗಿಂತ ಕೆಳಗಿದ್ದರೆ ಮಾತ್ರ ಇನ್ನೂ ಕಡಿತ ಮಾಡುವ ಹಾಗಿಲ್ಲ, 329.05 ರೂಪಾಯಿ ಕೊಡಲೇಬೇಕು.

ರಿಕವರಿ ಕೊಟ್ಟರೆ ದರ ಸಿಗುತ್ತದೆ, ಅದೇ ರಿಕವರಿಗೆ ಅದೇ ದರ. ಫಂಕ್ಷನ್ ಎಂದರೆ ಇದೇ ಅಲ್ವಾ? ಮೇಲಿನ ಭಾಗದಲ್ಲಿ ಹೀಗೆ ಬರೆಯಿರಿ:

```
#ಲ್ಯಾಂಗ್ ರ್ಯಾಕೆಟ್

(ಡಿಫೈನ್ (ದರ ರಿಕವರಿ)
  (ಇಫ್ (< ರಿಕವರಿ 9.5)
      329.05
      (+ 355 (* 34.6 (- ರಿಕವರಿ 10.25)))))
```

0.1%ಗೆ 3.46 ಆದರೆ 1%ಗೆ 34.6, ಅದಕ್ಕೇ ಆ ಅಂಕಿ. ನಡುವಿನ ಪ್ರಮಾಣಗಳಿಗೂ ಅದೇ ಅನುಪಾತ ಹಿಡಿದಿದ್ದೇನೆ. ಇಫ್‌ಗೆ ಮೂರು ಭಾಗ: ಪ್ರಶ್ನೆ, ಹೌದಾದರೆ ಉತ್ತರ, ಅಲ್ಲವಾದರೆ ಉತ್ತರ. ಫೈಲ್ ಉಳಿಸುವಾಗ ಹೆಸರನ್ನು ಇಂಗ್ಲಿಷ್‌ನಲ್ಲೇ ಕೊಡಿ, ಕೊನೆಯಲ್ಲಿ ಚುಕ್ಕೆ ಆರ್-ಕೆ-ಟಿ ಇರಲಿ. ಫೈಲ್ ಹೆಸರಿನಲ್ಲಿ ಕನ್ನಡ ಇದ್ದರೆ ಕೆಲವು ಹಳೆಯ ಸಲಕರಣೆಗಳು ತಡವರಿಸುತ್ತವೆ.

ಓಡಿಸಿ, ಕೆಳಗೆ `(ದರ 11.25)` ಎಂದು ಕೊಡಿ. 389.6 ಬರುತ್ತದೆ. `(ದರ 9)` ಎಂದರೆ 329.05. `(ದರ 10.25)` ಎಂದರೆ 355.0.

ಮುಂದಿನ ಹೆಜ್ಜೆ ಪಟ್ಟಿ. ಹೊಲದಿಂದ ಹೋದ ನಾಲ್ಕು ಟ್ರ್ಯಾಕ್ಟರ್ ತೂಕಗಳು ಟನ್ನಿನಲ್ಲಿ ಹೀಗಿವೆ ಎಂದುಕೊಳ್ಳಿ:

```
(ಡಿಫೈನ್ ತೂಕಗಳು (ಲಿಸ್ಟ್ 18 21 16 24))

(ಡಿಫೈನ್ (ಕಬ್ಬಿನ-ಬಿಲ್ ಪಟ್ಟಿ ರಿಕವರಿ)
  (* 10 (ದರ ರಿಕವರಿ) (ಫೋಲ್ಡ್ಎಲ್ + 0 ಪಟ್ಟಿ)))
```

ಫೋಲ್ಡ್ಎಲ್ ಪಟ್ಟಿಯನ್ನು ಒಂದು ಕಡೆಯಿಂದ ತೆಗೆದುಕೊಳ್ಳುತ್ತ ಒಂದೇ ಅಂಕಿಗೆ ಇಳಿಸುತ್ತದೆ. ಇಲ್ಲಿ ಸೊನ್ನೆಯಿಂದ ಶುರು ಮಾಡಿ ಕೂಡಿಸುತ್ತ ಹೋಗಿ 79 ಟನ್ ಕೊಡುತ್ತದೆ. ಕೂಡಿಸುವ ಚಿಹ್ನೆಯನ್ನೇ ಅದರ ಕೈಗೆ ಕೊಟ್ಟಿದ್ದೇವೆ, ಗಮನಿಸಿ. ಟನ್ನಿಗೆ ಹತ್ತು ಕ್ವಿಂಟಲ್ ಆದ್ದರಿಂದ 10ರಿಂದ ಗುಣಿಸಿದ್ದು. `(ಕಬ್ಬಿನ-ಬಿಲ್ ತೂಕಗಳು 11.25)` ಎಂದರೆ 307784.0 ಬರುತ್ತದೆ. ಕಟಾವು ಮತ್ತು ಸಾಗಣೆ ಖರ್ಚು ಇದರಲ್ಲಿ ಕಳೆಯಬೇಕು. ಟನ್ನಿಗೆ ಇಷ್ಟು ಎಂದು ಮೂರನೆಯ ಹೆಸರು ಸೇರಿಸಿ ಆ ಸೂತ್ರವನ್ನು ನೀವೇ ಬರೆಯಿರಿ. ಒಳ್ಳೆಯ ಅಭ್ಯಾಸ.

ಮ್ಯಾಪ್ ಪಟ್ಟಿಯ ಪ್ರತಿಯೊಂದಕ್ಕೂ ಒಂದು ಸೂತ್ರ ಹಚ್ಚುತ್ತದೆ. ಫಿಲ್ಟರ್ ಬೇಕಾದವನ್ನು ಮಾತ್ರ ಆರಿಸುತ್ತದೆ:

```
(ಮ್ಯಾಪ್ ದರ (ಲಿಸ್ಟ್ 9 10.25 11.25))
(ಫಿಲ್ಟರ್ (ಲ್ಯಾಂಬ್ಡಾ (ತೂಕ) (> ತೂಕ 17)) ತೂಕಗಳು)
```

ಮೊದಲನೆಯದು ಮೂರು ದರಗಳ ಪಟ್ಟಿ ಕೊಡುತ್ತದೆ. ಎರಡನೆಯದು 18, 21, 24 ಕೊಡುತ್ತದೆ. ಲ್ಯಾಂಬ್ಡಾ ಎಂದರೆ ಹೆಸರಿಡದ ಸೂತ್ರ, ಒಂದೇ ಸಲ ಬೇಕಾದಾಗ ಅಲ್ಲೇ ಬರೆದುಬಿಡುವುದು. ಮೂಲ ಪಟ್ಟಿ ಹಾಗೇ ಇರುತ್ತದೆ. ತೂಕಗಳು ಎಂದು ಮತ್ತೆ ಹೊಡೆದು ನೋಡಿ, ನಾಲ್ಕೂ ಅಂಕಿ ಅಲ್ಲೇ ಇವೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ಎಫ್‌ಆರ್‌ಪಿ ಪ್ರತಿ ವರ್ಷ ಬದಲಾಗುತ್ತದೆ. 2024-25ರಲ್ಲಿ ಮೂಲ ದರ 340, ಪ್ರತಿ 0.1%ಗೆ 3.32, ಕನಿಷ್ಠ 315.10 ಇತ್ತು. ವರ್ಷಕ್ಕೊಂದು ಸೂತ್ರವನ್ನು ನಕಲು ಮಾಡಿ ಅಂಕಿ ತಿದ್ದುತ್ತ ಕೂರಬೇಕೇ? ಬೇಡ. ಸೂತ್ರಗಳನ್ನು ತಯಾರಿಸುವ ಸೂತ್ರವನ್ನೇ ಬರೆಯೋಣ:

```
(ಡಿಫೈನ್ (ಹಂಗಾಮಿನ-ದರ ಮೂಲ ಏರಿಕೆ ಕನಿಷ್ಠ)
  (ಲ್ಯಾಂಬ್ಡಾ (ರಿಕವರಿ)
    (ಇಫ್ (< ರಿಕವರಿ 9.5)
        ಕನಿಷ್ಠ
        (+ ಮೂಲ (* ಏರಿಕೆ (- ರಿಕವರಿ 10.25))))))

(ಡಿಫೈನ್ ದರ-24 (ಹಂಗಾಮಿನ-ದರ 340 33.2 315.10))
(ಡಿಫೈನ್ ದರ-25 (ಹಂಗಾಮಿನ-ದರ 355 34.6 329.05))
```

ಹಂಗಾಮಿನ-ದರಕ್ಕೆ ಮೂರು ಅಂಕಿ ಕೊಟ್ಟರೆ ಅದು ಅಂಕಿಯನ್ನಲ್ಲ, ಒಂದು ಹೊಸ ಸೂತ್ರವನ್ನು ಹಿಂತಿರುಗಿಸುತ್ತದೆ. ದರ-24 ತನ್ನ 340ನ್ನು ನೆನಪಿಟ್ಟುಕೊಂಡಿದೆ, ದರ-25 ತನ್ನ 355ನ್ನು. ಎರಡೂ ಒಂದನ್ನೊಂದು ಕೆಡಿಸುವುದಿಲ್ಲ. `(- (ದರ-25 11) (ದರ-24 11))` ಎಂದು ಕೇಳಿ. ಸುಮಾರು 16.05 ಬರುತ್ತದೆ. ಅಂದರೆ 11% ರಿಕವರಿ ಇರುವ ಕಡೆ ಒಂದು ವರ್ಷದಲ್ಲಿ ಟನ್ನಿಗೆ 160 ರೂಪಾಯಿ 50 ಪೈಸೆ ಏರಿದೆ. ಮುಂದಿನ ವರ್ಷ ಹೊಸ ದರ ಬಂದಾಗ ಒಂದೇ ಒಂದು ಸಾಲು ಸೇರಿಸಿದರೆ ಸಾಕು. ಹಳೆಯ ವರ್ಷದ ಲೆಕ್ಕಗಳು ಮುಟ್ಟದೆ ಹಾಗೇ ಉಳಿಯುತ್ತವೆ. ಫಂಕ್ಷನಲ್ ರೀತಿಯ ಲಾಭ ಏನು ಎಂದು ಕೇಳಿದವರಿಗೆ ನಾನು ತೋರಿಸುವುದು ಈ ಎರಡು ಸಾಲುಗಳನ್ನೇ.

ಪುನರಾವರ್ತನೆಗೆ ಇಲ್ಲಿ ಲೂಪ್ ಬದಲು ಸೂತ್ರ ತನ್ನನ್ನು ತಾನೇ ಕರೆಯುತ್ತದೆ. ವರ್ಷಕ್ಕೆ 7% ಚಕ್ರಬಡ್ಡಿಯ ಸಾಲ ಹೀಗೆ:

```
(ಡಿಫೈನ್ (ಸಾಲ ಅಸಲು ವರ್ಷ)
  (ಇಫ್ (= ವರ್ಷ 0)
      ಅಸಲು
      (ಸಾಲ (* ಅಸಲು 107/100) (- ವರ್ಷ 1))))
```

ಒಂದು ಲಕ್ಷಕ್ಕೆ ಮೂರು ವರ್ಷ ಕೊಟ್ಟರೆ ಉತ್ತರ ಭಿನ್ನರಾಶಿಯಾಗಿ, 30 ಪೈಸೆಯವರೆಗೂ ನಿಖರವಾಗಿ ಬರುತ್ತದೆ: 1,22,504 ರೂಪಾಯಿ 30 ಪೈಸೆ.

## ಪರೀಕ್ಷೆ ಬರೆಯಿರಿ, ಇದನ್ನು ಬಿಡಬೇಡಿ

ಫೈಲಿನ ಕೊನೆಗೆ ಇದನ್ನು ಸೇರಿಸಿ. ರಿಕ್ವೈರ್, ರ್ಯಾಕ್‌ಯುನಿಟ್, ಚೆಕ್ ಮೂರೂ ಇಂಗ್ಲಿಷ್‌ನಲ್ಲಿ. ರ್ಯಾಕ್‌ಯುನಿಟ್ ಎಂದರೆ ಆರ್-ಎ-ಸಿ-ಕೆ-ಯು-ಎನ್-ಐ-ಟಿ.

```
(ರಿಕ್ವೈರ್ ರ್ಯಾಕ್‌ಯುನಿಟ್)
(ಚೆಕ್-= (ದರ 9.5) 329.05 0.001)
(ಚೆಕ್-= (ದರ 10.25) 355 0.001)
```

ಕೊನೆಯ 0.001 ಎಂದರೆ ಅಷ್ಟು ವ್ಯತ್ಯಾಸ ಇದ್ದರೆ ಪರವಾಗಿಲ್ಲ ಎಂದು. ಎಲ್ಲ ಸರಿಯಿದ್ದರೆ ಏನೂ ಬರುವುದಿಲ್ಲ. ತಪ್ಪಿದ್ದರೆ ಯಾವ ಸಾಲು, ಏನು ಬರಬೇಕಿತ್ತು, ಏನು ಬಂತು ಎಂದು ಕೆಂಪಿನಲ್ಲಿ ಹೇಳುತ್ತದೆ. 9.5ರ ಪರೀಕ್ಷೆಯನ್ನು ಬೇಕೆಂದೇ ಹಾಕಿದ್ದೇನೆ. ಸೂತ್ರ ಹೊರಳುವ ಜಾಗ ಅದು, ತಪ್ಪು ನುಸುಳುವುದು ಅಂಥ ಕಡೆಯೇ.

## ಮೊದಲ ವಾರ ಎದುರಾಗುವ ತಪ್ಪುಗಳು

'ಅನ್‌ಬೌಂಡ್ ಐಡೆಂಟಿಫೈಯರ್' ಎಂದು ಬಂದರೆ ಆ ಹೆಸರು ರ್ಯಾಕೆಟ್‌ಗೆ ಗೊತ್ತಿಲ್ಲ. ಹೆಚ್ಚಾಗಿ ಕಾಗುಣಿತ ತಪ್ಪಿರುತ್ತದೆ. ಕಾಗುಣಿತ ಸರಿಯಾಗಿ ಕಂಡರೂ ಬಂದರೆ ಮೇಲೆ ಹೇಳಿದ ಕಾಣದ ಗುರುತನ್ನು ಅನುಮಾನಿಸಿ. ಹೆಸರನ್ನು ಪೂರ್ತಿ ಅಳಿಸಿ ಮತ್ತೆ ಹೊಡೆಯಿರಿ.

'ನಾಟ್ ಎ ಪ್ರೊಸೀಜರ್' ಎಂದರೆ ಕಂಸ ಜಾಸ್ತಿಯಾಗಿದೆ. ಗಣಿತದ ಅಭ್ಯಾಸದಿಂದ ಸುಮ್ನೆ ಒಂದು ಅಂಕಿಯ ಸುತ್ತ ಕಂಸ ಹಾಕಿದರೆ ರ್ಯಾಕೆಟ್ ಆ ಅಂಕಿಯನ್ನೇ ಸೂತ್ರ ಎಂದು ತಿಳಿದು ಓಡಿಸಲು ಹೋಗುತ್ತದೆ. ಇಲ್ಲಿ ಪ್ರತಿ ಕಂಸಕ್ಕೂ 'ಇದನ್ನು ಮಾಡು' ಎಂಬ ಅರ್ಥವಿದೆ.

'ಅರಿಟಿ ಮಿಸ್‌ಮ್ಯಾಚ್' ಎಂದರೆ ಕೊಡಬೇಕಾದಷ್ಟು ಅಂಕಿ ಕೊಟ್ಟಿಲ್ಲ, ಅಥವಾ ಜಾಸ್ತಿ ಕೊಟ್ಟಿದ್ದೀರಿ.

ಕಂಸ ಎಣಿಸುತ್ತ ಕೂರಬೇಡಿ. ಕರ್ಸರ್ ಕಂಸದ ಪಕ್ಕ ಇಟ್ಟರೆ ಅದರ ಜೋಡಿಯವರೆಗೂ ಬಣ್ಣ ಬರುತ್ತದೆ. ಕಂಟ್ರೋಲ್ ಮತ್ತು ಐ ಒತ್ತಿದರೆ ಇಡೀ ಫೈಲಿನ ಸಾಲುಗಳು ಸರಿಯಾಗಿ ಒಳಸರಿದು ನಿಲ್ಲುತ್ತವೆ. ಎಲ್ಲೋ ಒಂದು ಸಾಲು ತೀರಾ ಬಲಕ್ಕೆ ಹೋಯಿತು ಎಂದರೆ ಅದಕ್ಕೆ ಮೊದಲಿನ ಸಾಲಿನಲ್ಲಿ ಕಂಸ ಮುಚ್ಚಿಲ್ಲ. ಯಾವುದೇ ಪದದ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿದರೆ ನಿಮ್ಮ ಯಂತ್ರದಲ್ಲೇ ಇರುವ ಸಹಾಯದ ಪುಟ ತೆರೆಯುತ್ತದೆ, ಇಂಗ್ಲಿಷ್‌ನಲ್ಲಿ. ಉದಾಹರಣೆಗಳನ್ನು ಮಾತ್ರ ನೋಡಿದರೂ ಬಹಳಷ್ಟು ತಿಳಿಯುತ್ತದೆ.

ಕನ್ನಡ ಪಠ್ಯದ ಜೊತೆ ಕೆಲಸ ಮಾಡುವವರಿಗೆ ಒಂದು ಮಾತು. 'ಬೆಳಗಾವಿ' ಎಂಬ ಪದದ ಉದ್ದ ಎಷ್ಟು ಎಂದು 'ಸ್ಟ್ರಿಂಗ್-ಲೆಂಗ್ತ್' ಸೂತ್ರಕ್ಕೆ ಕೇಳಿದರೆ 7 ಎನ್ನುತ್ತದೆ. ವ್ಯಂಜನ ಮತ್ತು ಸ್ವರಚಿಹ್ನೆಗಳನ್ನು ಅದು ಬೇರೆ ಬೇರೆ ಎಣಿಸುತ್ತದೆ. ನಾವು ಎಣಿಸುವ ಹಾಗೆ 4 ಬೇಕೆಂದರೆ ಹೊಸ ಆವೃತ್ತಿಗಳಲ್ಲಿ 'ಸ್ಟ್ರಿಂಗ್-ಗ್ರಾಫೀಮ್-ಕೌಂಟ್' ಇದೆ.

## ಭಾಷೆಯ ಪದಗಳನ್ನೂ ಕನ್ನಡಕ್ಕೆ ತರಬಹುದು

ಫೈಲಿನ ಎರಡನೆಯ ಸಾಲಾಗಿ ಇದನ್ನು ಹಾಕಿ ನೋಡಿ. ಹೆಸರಿಡು, ಒಂದುವೇಳೆ ಎಂಬ ಎರಡು ಪದ ಕನ್ನಡದಲ್ಲಿ, ಉಳಿದವು ಇಂಗ್ಲಿಷ್‌ನಲ್ಲಿ:

```
(ರಿಕ್ವೈರ್ (ರಿನೇಮ್-ಇನ್ ರ್ಯಾಕೆಟ್
           [ಡಿಫೈನ್ ಹೆಸರಿಡು]
           [ಇಫ್ ಒಂದುವೇಳೆ]))
```

ಇಲ್ಲಿಂದ ಮುಂದೆ ಡಿಫೈನ್ ಜಾಗದಲ್ಲಿ ಹೆಸರಿಡು, ಇಫ್ ಜಾಗದಲ್ಲಿ ಒಂದುವೇಳೆ ಎಂದು ಬರೆದರೂ ಪ್ರೋಗ್ರಾಮ್ ಓಡುತ್ತದೆ. ಕನ್ನಡ ಶಾಲೆಯ ಮಕ್ಕಳಿಗೆ ಕಲಿಸುವ ಶಿಕ್ಷಕರು ಇದನ್ನು ಖಂಡಿತ ಪ್ರಯತ್ನಿಸಬೇಕು. ಕೆಲಸಕ್ಕಾಗಿ ಕಲಿಯುವವರು ಮೂಲ ಪದಗಳಲ್ಲೇ ಬರೆಯುವುದು ಒಳ್ಳೆಯದು, ಬೇರೆಯವರ ಪ್ರೋಗ್ರಾಮ್ ಓದಬೇಕಾಗುತ್ತದಲ್ಲ.

## ಟರ್ಮಿನಲ್, ಪ್ಯಾಕೇಜ್, ಇತರರಿಗೆ ಕೊಡುವುದು

ಎಡಿಟರ್ ಇಲ್ಲದೆ ಟರ್ಮಿನಲ್‌ನಿಂದಲೂ ಓಡಿಸಬಹುದು. ವಿಂಡೋಸ್‌ನಲ್ಲಿ ಇದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ನ ಪಾತ್ ಪಟ್ಟಿಗೆ ಸಿ ಡ್ರೈವ್‌ನ ಪ್ರೋಗ್ರಾಮ್ ಫೈಲ್ಸ್ ಒಳಗಿರುವ ರ್ಯಾಕೆಟ್ ಫೋಲ್ಡರ್ ಸೇರಿಸಬೇಕು. ಆಮೇಲೆ ಹೊಸ ಟರ್ಮಿನಲ್ ತೆರೆದು ರ್ಯಾಕೆಟ್ ಎಂದು ಹೊಡೆದು ಫೈಲ್ ಹೆಸರು ಕೊಡಿ. ವಿಂಡೋಸ್‌ನ ಕಪ್ಪು ಪರದೆಯಲ್ಲಿ ಕನ್ನಡ ಚೆನ್ನಾಗಿ ಕಾಣುವುದಿಲ್ಲ. ಹಾಗಾಗಿ ಕನ್ನಡ ಉತ್ತರ ಓದಬೇಕಾದಾಗ ಎಡಿಟರ್ ಒಳಗೇ ಓಡಿಸಿ.

ರ್ಯಾಕೆಟ್ ಜೊತೆಗೆ ಬರುವ ಇನ್ನೊಂದು ಸಲಕರಣೆ ರ್ಯಾಕೊ, ಆರ್-ಎ-ಸಿ-ಒ. 'ರ್ಯಾಕೊ ಟೆಸ್ಟ್' ಎಂದು ಫೈಲ್ ಹೆಸರು ಕೊಟ್ಟರೆ ಪರೀಕ್ಷೆಗಳನ್ನು ಓಡಿಸುತ್ತದೆ. 'ರ್ಯಾಕೊ ಪಿ-ಕೆ-ಜಿ ಇನ್‌ಸ್ಟಾಲ್' ಎಂದರೆ ಹೊಸ ಪ್ಯಾಕೇಜ್ ತರುತ್ತದೆ, ಇದಕ್ಕೆ ಮಾತ್ರ ನೆಟ್ ಬೇಕು. ಬರೆದದ್ದನ್ನು ರ್ಯಾಕೆಟ್ ಇಲ್ಲದ ಗೆಳೆಯರಿಗೆ ಕೊಡಬೇಕೆಂದರೆ ಎಡಿಟರ್‌ನ ರ್ಯಾಕೆಟ್ ಮೆನುವಿನಲ್ಲಿ 'ಕ್ರಿಯೇಟ್ ಎಕ್ಸಿಕ್ಯೂಟಬಲ್' ಒತ್ತಿ ಡಿಸ್ಟ್ರಿಬ್ಯೂಷನ್ ಆಯ್ಕೆ ಮಾಡಿ. ವಿಂಡೋಸ್‌ನಲ್ಲಿ ಮಾಡಿದ್ದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ.

ರ್ಯಾಕೆಟ್ ಕೈಗೆ ಹತ್ತಿದ ಮೇಲೆ ಹ್ಯಾಸ್ಕೆಲ್ ನೋಡಬೇಕೆನಿಸಿದರೆ ಜಿಎಚ್‌ಸಿ-ಅಪ್ ಎಂಬ ಸ್ಥಾಪಕ ಇದೆ. ಅದು ಜಾಸ್ತಿ ಡೇಟಾ ಮತ್ತು ಜಾಸ್ತಿ ಡಿಸ್ಕ್ ಕೇಳುತ್ತದೆ, ವೈಫೈ ಇರುವ ಕಡೆ ಕೂತು ಮಾಡಿ. ಓಕ್ಯಾಮಲ್‌ಗೆ ಒಪ್ಯಾಮ್ ಎಂಬ ಸಲಕರಣೆ. ಇವೆರಡರಲ್ಲೂ ಪ್ರೋಗ್ರಾಮ್ ಓಡುವ ಮೊದಲೇ ಯಾವುದು ಅಂಕಿ, ಯಾವುದು ಪದ ಎಂದು ಕಂಪೈಲರ್ ಕಟ್ಟುನಿಟ್ಟಾಗಿ ಪರೀಕ್ಷಿಸುತ್ತದೆ. ಮ್ಯಾಪ್, ಫಿಲ್ಟರ್, ಫೋಲ್ಡ್ ಅಲ್ಲೂ ಇವೇ.

ರ್ಯಾಕೆಟ್‌ನ ಹೊಸ ಆವೃತ್ತಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಪ್ರತಿ ಸಲ ಹಾಕಿಕೊಳ್ಳಲೇಬೇಕೆಂದಿಲ್ಲ, ವರ್ಷಕ್ಕೊಮ್ಮೆ ಸಾಕು. ಹೊಸದನ್ನು ಸ್ಥಾಪಿಸಿದ ಮೇಲೆ ನೀವು ಹಾಕಿಕೊಂಡಿದ್ದ ಪ್ಯಾಕೇಜ್‌ಗಳು ಕಾಣದಿದ್ದರೆ ಗಾಬರಿ ಬೇಡ. 'ರ್ಯಾಕೊ ಪಿ-ಕೆ-ಜಿ ಮೈಗ್ರೇಟ್' ಎಂದು ಹೊಡೆದು ಹಳೆಯ ಆವೃತ್ತಿಯ ಸಂಖ್ಯೆ ಕೊಟ್ಟರೆ ಅವು ಹೊಸದಕ್ಕೆ ಬರುತ್ತವೆ. ಆ ಸಂಖ್ಯೆ ಗೊತ್ತಿರಲೆಂದು, ಹೊಸದನ್ನು ಹಾಕುವ ಮೊದಲೇ ಕೆಳಭಾಗದಲ್ಲಿ `(ವರ್ಷನ್)` ಎಂದು ಇಂಗ್ಲಿಷ್‌ನಲ್ಲಿ ಹೊಡೆದು, ಬಂದ ಉತ್ತರವನ್ನು ಬರೆದಿಟ್ಟುಕೊಳ್ಳಿ.